ಅರ್ಧಕ್ಕೆ ನಿಂತ ತೊಕ್ಕು

ಕ್ರ್ಯಾನ್‌ಬೆರಿ ಸಾಸ್ ಎಂಬುದು ಉತ್ತರ ಅಮೆರಿಕದ ಒಂದು ಹುಳಿ ಹಣ್ಣಿಗೆ ಸಕ್ಕರೆ, ನೀರು ಹಾಕಿ ಹತ್ತು ನಿಮಿಷ ಕುದಿಸಿ ಆರಿಸಿದ ಪದಾರ್ಥ. ಅಮೆರಿಕನ್ನರು ಇಷ್ಟಕ್ಕೇ ಒಲೆ ಆರಿಸಿ ಕೈ ತೊಳೆದುಕೊಳ್ಳುತ್ತಾರೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ ಮನೆಗಳಲ್ಲಿ ಮಾತ್ರ ಇದು ಅರ್ಧಕ್ಕೆ ನಿಂತ ತೊಕ್ಕು ಎಂದೇ ಲೆಕ್ಕ. ಹುಳಿ ಇದೆ, ಸಿಹಿ ಇದೆ, ಬಣ್ಣವಂತೂ ಜಾತ್ರೆಯ ಕುಂಕುಮವನ್ನು ನಾಚಿಸುವಂತಿದೆ. ಇಷ್ಟೆಲ್ಲ ಇದ್ದೂ ಉಪ್ಪು, ಖಾರ, ಒಗ್ಗರಣೆ ಕಾಣದ ಅಡುಗೆಯನ್ನು ಮುಗಿಯಿತೆಂದು ಒಪ್ಪಲು ಆ ಕಡೆಯವರ ನಾಲಿಗೆಗೆ ಆಗುವುದಿಲ್ಲ.

ಹಣ್ಣಿನ ವಿಷಯ ಮೊದಲು. ಕ್ರ್ಯಾನ್‌ಬೆರಿ ನೆಲದ ಮೇಲೆ ಹಬ್ಬುವ ಬಳ್ಳಿ. ಮರಳು ಮಿಶ್ರಿತ ಜವುಗು ನೆಲ ಬೇಕು, ಚಳಿ ಬೇಕು. ಮ್ಯಾಸಚೂಸೆಟ್ಸ್ ರಾಜ್ಯದ ಡೆನ್ನಿಸ್ ಊರಿನಲ್ಲಿ ಹೆನ್ರಿ ಹಾಲ್ ಎಂಬಾತ 1816ರ ಸುಮಾರಿಗೆ ಇದರ ಬೇಸಾಯ ಆರಂಭಿಸಿದ. ಈಗ ಅಮೆರಿಕದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್‌ನದು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಕೊಯ್ಲು. ಹಣ್ಣಿನೊಳಗೆ ಗಾಳಿ ತುಂಬಿದ ನಾಲ್ಕು ಕೋಣೆಗಳಿರುವುದರಿಂದ ಅದು ನೀರಿನಲ್ಲಿ ತೇಲುತ್ತದೆ. ಹೀಗಾಗಿ ಗದ್ದೆಗೆ ನೀರು ಬಿಟ್ಟು, ಬಳ್ಳಿಯನ್ನು ಅಲ್ಲಾಡಿಸಿ, ತೇಲಿದ ಹಣ್ಣನ್ನು ಒಂದೆಡೆ ಗುಡಿಸಿ ತೆಗೆಯುತ್ತಾರೆ. ತುಂಗಭದ್ರೆಯ ದಂಡೆಯ ಸಿರುಗುಪ್ಪದಲ್ಲಿ ಜೀವಮಾನವೆಲ್ಲ ಭತ್ತ ಬೆಳೆದು, ಮಗನ ಮನೆಗೆಂದು ಬಂದ ಹಿರಿಯರಿಗೆ ಟಿ.ವಿ.ಯಲ್ಲಿ ಇದನ್ನು ತೋರಿಸಬಾರದು. ಭತ್ತಕ್ಕೆ ಬೆಳೆಯುವಾಗ ನೀರು ನಿಲ್ಲಿಸಿ ಕೊಯ್ಲಿಗೆ ಮುಂಚೆ ಬಸಿಯುವುದು ಅವರು ಕಂಡ ಧರ್ಮ. ಇಲ್ಲಿ ಒಣ ಗದ್ದೆಯಲ್ಲಿ ಬೆಳೆಸಿ ಕೊಯ್ಲಿಗೆ ನೀರು ಬಿಡುತ್ತಾರೆ. "ಕಾಲುವಿ ನೀರು ಯಾವಾಗ ಬಿಡಬೇಕಂತ ಇವ್ರಿಗೂ ಗೊತ್ತಿಲ್ಲಲ್ಲೋ" ಎಂದು ನೀರಾವರಿ ಇಲಾಖೆಯ ಮೇಲಿನ ಹಳೆಯ ಸಿಟ್ಟೆಲ್ಲ ವಿಸ್ಕಾನ್ಸಿನ್ ರೈತನ ಮೇಲೆ ಬೀಳುತ್ತದೆ. ನೀರಿನಲ್ಲಿ ಕೊಯ್ದದ್ದು ರಸಕ್ಕೆ, ಡಬ್ಬಿಯ ಸಾಸಿಗೆ ಹೋಗುತ್ತದೆ, ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ತಾಜಾ ಹಣ್ಣು ಒಣ ಗದ್ದೆಯಲ್ಲೇ ಬಿಡಿಸಿದ್ದು ಎಂದು ಮಗ ವಿವರಿಸಿದ ಮೇಲೂ ಆ ಸಿಟ್ಟು ಪೂರ್ತಿ ಇಳಿಯುವುದಿಲ್ಲ.

ಸಾಸಿನ ಕಾಲ ಥ್ಯಾಂಕ್ಸ್‌ಗಿವಿಂಗ್, ಅಂದರೆ ನವೆಂಬರಿನ ನಾಲ್ಕನೇ ಗುರುವಾರ. ಲಿಂಕನ್ 1863ರಲ್ಲಿ ಘೋಷಿಸಿದ ಈ ಸುಗ್ಗಿ ಹಬ್ಬಕ್ಕೆ ನಾಲ್ಕನೇ ಗುರುವಾರವನ್ನು ಕಾನೂನಿನಿಂದ ಗಟ್ಟಿ ಮಾಡಿದ್ದು 1941ರಲ್ಲಿ. ಅಂದು ಟರ್ಕಿ ಕೋಳಿ, ಅದರ ಪಕ್ಕದಲ್ಲಿ ಈ ಸಾಸ್. ಕ್ರಿಸ್‌ಮಸ್‌ಗೆ ಮತ್ತೊಂದು ಸುತ್ತು. ಮಾರ್ಕಸ್ ಯುರಾನ್ ಎಂಬ ವಕೀಲ 1912ರಲ್ಲಿ ಇದನ್ನು ಡಬ್ಬಿಗೆ ತುಂಬಿ ಮಾರತೊಡಗಿದ. ಡಬ್ಬಿಯಿಂದ ಕವುಚಿದ ಜೆಲ್ಲಿಯ ಮೈಮೇಲೆ ತಗಡಿನ ಗೆರೆಗಳು ಹಾಗೇ ಮೂಡಿರುತ್ತವೆ. ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಬಡಿಸುತ್ತಾರೆ. ಅಲ್ಲೇ ಹುಟ್ಟಿದ ಮೊಮ್ಮಕ್ಕಳಿಗೆ ಗೆರೆ ಇದ್ದದ್ದೇ ಅಸಲಿ. ಅಜ್ಜಿ ಮನೆಯಲ್ಲಿ ಮಾಡಿದ್ದು, ಅದೆಷ್ಟೇ ರುಚಿಯಾಗಿರಲಿ, ಅವರ ಕಣ್ಣಿಗೆ ನಕಲಿ.

ತೊಕ್ಕಿನ ವಾದ ಬರೀ ಹಟವಲ್ಲ, ಅದಕ್ಕೆ ಆಧಾರವಿದೆ. ಬಳ್ಳಾರಿ ಸೀಮೆಯಲ್ಲಿ ಬೀಜ ಬಲಿಯುವ ಮುಂಚಿನ ಹುಣಸೆಕಾಯಿಗೆ ಉಪ್ಪು, ಅರಿಸಿನ ಹಾಕಿ ಕುಟ್ಟಿ, ಕೆಲವು ದಿನ ಬಿಟ್ಟು ನಾರು ತೆಗೆದು, ಮೆಣಸಿನಕಾಯಿ, ಮೆಂತ್ಯದೊಂದಿಗೆ ಮತ್ತೆ ಕುಟ್ಟಿದರೆ ಅದು ತೊಕ್ಕು. ಕೆಂಪು ಹಣ್ಣು ಮೆಣಸಿನಕಾಯಿಯನ್ನೇ ಬೆಳ್ಳುಳ್ಳಿ, ಉಪ್ಪು, ನಿಂಬೆರಸದೊಂದಿಗೆ ರುಬ್ಬಿದರೆ ರಂಜಕ. ಒಂದರಲ್ಲಿ ಹುಳಿಗೆ ಖಾರ ಸೇರುತ್ತದೆ, ಇನ್ನೊಂದರಲ್ಲಿ ಖಾರಕ್ಕೆ ಹುಳಿ. ಕ್ರ್ಯಾನ್‌ಬೆರಿ ಇವೆರಡರ ನಡುವೆ ಸರಿಯಾಗಿ ಕೂರುತ್ತದೆ: ಹುಣಸೆಕಾಯಿಯ ಹುಳಿ, ಹಣ್ಣು ಮೆಣಸಿನಕಾಯಿಯ ಬಣ್ಣ. ಅತ್ತೆ ಮೊದಲ ಸಲ ಹಸಿ ಹಣ್ಣೊಂದನ್ನು ಕಚ್ಚಿ, ಒಂದು ಕಣ್ಣು ಮುಚ್ಚಿ ತೀರ್ಪು ಕೊಡುವುದು ಹೆಚ್ಚು ಕಡಿಮೆ ಎಲ್ಲ ಮನೆಗಳಲ್ಲೂ ಒಂದೇ ಧಾಟಿಯಲ್ಲಿ: "ಅಲ್ಲಬೇ, ಇಷ್ಟು ಚಂದ ಹುಳಿ ಹಣ್ಣಿಗಿ ಬರೇ ಸಕ್ರಿ ಹಾಕ್ತಾರಲ್ಲ, ಉಪ್ಪು ಖಾರ ಏನ್ ಪಾಪ ಮಾಡಿತ್ತು?" ಸೊಸೆ "ಇಲ್ಲಿ ಹಂಗ ತಿಂತಾರ್ರೀ ಅತ್ತಿ" ಎನ್ನುವಷ್ಟರಲ್ಲಿ ಚೀಲದ ಬಾಯಿ ಬಿಚ್ಚಿರುತ್ತದೆ.

ಮಾಡುವ ಕ್ರಮ ಹೀಗಿದೆ. 340 ಗ್ರಾಂನ ಒಂದು ಚೀಲ ಹಣ್ಣು ತೊಳೆದು, ನೀರು ಒರೆಸಿ, ಮೆತ್ತಗಾದವನ್ನು ಬೇರೆ ಮಾಡಬೇಕು. ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಜಜ್ಜಿದ ಎಂಟು ಹತ್ತು ಎಸಳು ಬೆಳ್ಳುಳ್ಳಿ ಹಾಕಬೇಕು. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಹಣ್ಣು ಹಾಕಿದ ಕೂಡಲೇ ಮುಚ್ಚಳ ಮುಚ್ಚಬೇಕು. ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಒಂದೊಂದು ಹಣ್ಣೂ ಪಟ್ಟೆಂದು ಸಿಡಿಯುತ್ತದೆ. ಮುಚ್ಚಳ ಮರೆತವರ ಅಡುಗೆಮನೆಯ ಬಿಳಿ ಗೋಡೆ ಹೋಳಿ ಹುಣ್ಣಿಮೆ ಕಂಡಂತಾಗುತ್ತದೆ, ಮತ್ತು ಬಾಡಿಗೆ ಮನೆಯಾಗಿದ್ದರೆ ಮುಂಗಡದ ಹಣ ಹಿಂದೆ ಬರುವಾಗ ಸ್ವಲ್ಪ ಸೊರಗಿರುತ್ತದೆ. ಸಿಡಿತ ನಿಂತ ಮೇಲೆ ಒಂದೂವರೆ ಚಮಚ ಉಪ್ಪು, ಮುಕ್ಕಾಲು ಬಟ್ಟಲು ಬೆಲ್ಲ, ಹುರಿದು ಪುಡಿ ಮಾಡಿದ ಕಾಲು ಚಮಚ ಮೆಂತ್ಯ, ಬಣ್ಣಕ್ಕೆ ಎರಡು ಚಮಚ ಬ್ಯಾಡಗಿ ಪುಡಿ, ಗೌರವಕ್ಕೆ ಒಂದು ಚಮಚ ಗುಂಟೂರು ಪುಡಿ.

ಇನ್ನು ಒಲೆ ಆರಿಸುವ ಹೊತ್ತು. ಅನುಭವವಿರುವ ಅತ್ತೆಯಂದಿರು ಎಡವುವುದು ಇಲ್ಲೇ. ಎಣ್ಣೆ ಬಿಡುವವರೆಗೆ ಕೈಯಾಡಿಸುವುದು ತೊಕ್ಕಿನ ನಿಯಮ. ಕ್ರ್ಯಾನ್‌ಬೆರಿಗೆ ಆ ನಿಯಮ ಸಲ್ಲದು, ಅದರಲ್ಲಿ ಪೆಕ್ಟಿನ್ ಹೇರಳ. ಹುಳಿ ಮತ್ತು ಸಿಹಿಯ ಜತೆ ಕುದಿದ ಪೆಕ್ಟಿನ್ ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ. ಒಲೆಯ ಮೇಲೆ ತೆಳ್ಳಗೆ ಕಂಡದ್ದು ಬಟ್ಟಲಿನಲ್ಲಿ ಹದವಾಗುತ್ತದೆ, ಒಲೆಯ ಮೇಲೆ ಹದವಾಗಿ ಕಂಡದ್ದನ್ನು ಬೆಳಿಗ್ಗೆ ಚಾಕುವಿನಿಂದ ಕೊಯ್ಯಬೇಕಾಗುತ್ತದೆ. ಹಾಗೆ ಗಟ್ಟಿಯಾದದ್ದು ಕಂಡರೆ ಮೊಮ್ಮಕ್ಕಳಿಗೆ ಮಾತ್ರ ಸಂತೋಷ, ಡಬ್ಬಿಯ ಬಿಲ್ಲೆಗೆ ಅದು ಹತ್ತಿರ ಬಂದಿರುತ್ತದೆ. ಎರಡು ಚಮಚ ಬಿಸಿನೀರು ಬೆರೆಸಿ ಮತ್ತೆ ಕಾಯಿಸಿದರೆ ಹಿಡಿತ ಸಡಿಲುತ್ತದೆ.

ಒಗ್ಗರಣೆಗೆ ಅಮೆರಿಕದ ಮನೆಗಳಲ್ಲಿ ಇನ್ನೊಬ್ಬ ಪ್ರೇಕ್ಷಕ ಇರುತ್ತಾನೆ: ಚಾವಣಿಯ ಹೊಗೆ ಅಲಾರಂ. ಮೆಣಸಿನಕಾಯಿ ಘಾಟಿಗೆ ಅದು ಒರಲತೊಡಗಿದಾಗ ಅಳಿಯ ಟವೆಲ್ ಬೀಸುವುದು, ಮಗಳು ಹೊರಗಿನ ಹಿಮಕ್ಕೆ ಕಿಟಕಿ ತೆರೆಯುವುದು, ಅಜ್ಜಿ ನಿಶ್ಚಿಂತೆಯಿಂದ ಸಾಸಿವೆ ಸಿಡಿಸುವುದು ನಡೆಯುತ್ತವೆ. "ಬೆಂಕಿ ಹತ್ತಿಲ್ಲ, ಒಗ್ಗರಣಿ ಹಾಕೇವಿ ಅಂತ ಅದಕ್ಕ ಹೇಳ್ರಿ" ಎಂಬ ಸೂಚನೆಯನ್ನು ಯಾವ ಕಂಪನಿಯೂ ಇನ್ನೂ ಯಂತ್ರದಲ್ಲಿ ಅಳವಡಿಸಿಲ್ಲ.

ಮೂರೂರಿನವರು ಒಂದೇ ಊಟದಲ್ಲಿ ಸೇರಿದರೆ ಕೈರುಚಿಯ ವ್ಯಾಜ್ಯ ಶುರು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲೆಲ್ಲ ಮೆಣಸಿನಕಾಯಿ ಬೆಳೆಯುತ್ತಾರೆ, ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತಾರೆ. ಖಾರದ ಬಗ್ಗೆ ಮಾತಾಡುವ ಹಕ್ಕು ಮೂವರಿಗೂ ಹುಟ್ಟಿನಿಂದ ಬಂದದ್ದು. ಕುರುಗೋಡಿನವರು ಬೆಲ್ಲವನ್ನೇ ಅನುಮಾನದಿಂದ ನೋಡಿ ರಂಜಕದ ಕಡೆ ಎಳೆಯುತ್ತಾರೆ. ಸಿರುಗುಪ್ಪದವರಿಗೆ ಸೋನಾ ಮಸೂರಿ ಅನ್ನ ಕಂಡರೆ ಸಾಕು, ಸಾಸನ್ನು ಕಲಸಿ, ಶೇಂಗಾ ಉದುರಿಸಿ ಚಿತ್ರಾನ್ನ ಮಾಡಿಬಿಡುತ್ತಾರೆ. ಬಳ್ಳಾರಿ ಪೇಟೆಯವರು ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಪಕ್ಕದಲ್ಲಿ ಅದನ್ನು ಇಟ್ಟು, ಇಷ್ಟಿದ್ದ ಮೇಲೆ ಟರ್ಕಿ ಕೋಳಿ ಯಾಕೆ ಎನ್ನುತ್ತಾರೆ. ಒಣ ಅಂಜೂರ ಹೆಚ್ಚಿ ಹಾಕುವುದೂ ಅವರದೇ ಸೇರ್ಪಡೆ. ಬಳ್ಳಾರಿಯ ಹೆಸರಿನ ಅಂಜೂರದ ತಳಿಯೇ ಇದೆಯೆಂಬ ಹೆಮ್ಮೆ ಅದಕ್ಕೆ ಕಾರಣ. ಹಾಕಿದ ಅಂಜೂರ ಕ್ಯಾಲಿಫೋರ್ನಿಯಾದ್ದು ಎಂಬುದನ್ನು ಯಾರೂ ಎತ್ತಬಾರದು.

ನಾಲ್ಕನೆಯವರು ಆದೋನಿಯ ತೆಲುಗು ಸ್ನೇಹಿತರು. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆದು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಗಡಿಯ ವಿವಾದ ಅಂದೇ ಮುಗಿಯಿತೆಂದು ಇತಿಹಾಸ ಹೇಳುತ್ತದೆ, ಆದರೆ ಕ್ರ್ಯಾನ್‌ಬೆರಿ ಹಾಕಿ ಪಪ್ಪು ಮಾಡಿದ್ದು ಮೊದಲೋ ತೊಕ್ಕು ಮಾಡಿದ್ದು ಮೊದಲೋ ಎಂಬ ಪ್ರಶ್ನೆಗೆ ಅದು ಮತ್ತೆ ತೆರೆದುಕೊಳ್ಳುತ್ತದೆ. ಅಸಲಿಗೆ ಈ ಖ್ಯಾತಿಗೆ ಇಬ್ಬರೂ ಹಕ್ಕುದಾರರಲ್ಲ. ದೆಹಲಿಯಲ್ಲಿ ಹುಟ್ಟಿದ ಮಧುರ್ ಜಾಫ್ರಿ ಬೆಳ್ಳುಳ್ಳಿ, ಶುಂಠಿ, ಖಾರದಪುಡಿ ಹಾಕಿದ ಕ್ರ್ಯಾನ್‌ಬೆರಿ ಚಟ್ನಿಯ ವಿಧಾನವನ್ನು ತಮ್ಮ ಅಡುಗೆ ಪುಸ್ತಕದಲ್ಲೇ ಅಚ್ಚು ಮಾಡಿಸಿದರು. ಅಮೆರಿಕದ ಸಾರ್ವಜನಿಕ ರೇಡಿಯೊದ ಸೂಸನ್ ಸ್ಟ್ಯಾಂಬರ್ಗ್ ತಮ್ಮ ಅತ್ತೆಯ ಕ್ರ್ಯಾನ್‌ಬೆರಿ ವಿಧಾನವನ್ನು ಹಬ್ಬಕ್ಕೊಮ್ಮೆ ಕೇಳುಗರಿಗೆ ಹೇಳುತ್ತಿದ್ದವರು, ಜಾಫ್ರಿಯವರ ಈ ಚಟ್ನಿಯನ್ನೂ ಅದರ ಜತೆಗೆ ಸೇರಿಸಿಕೊಂಡರು. ಅತ್ತೆಯ ಅಡುಗೆಯನ್ನು ದೇಶಕ್ಕೆಲ್ಲ ಕೇಳುವಂತೆ ಹೊಗಳಿದ ಸೊಸೆಯೊಬ್ಬಳು ಇದ್ದಳೆಂಬ ಈ ಸಂಗತಿಯನ್ನು ಬಳ್ಳಾರಿಯ ಅತ್ತೆಯಂದಿರು ಸೊಸೆಯಂದಿರ ಮುಂದೆ ಎರಡು ಸಲವಾದರೂ ಹೇಳಿಸಿ ಕೇಳುತ್ತಾರೆ.

ಊಟದ ಮೇಜಿನ ಮೇಲೆ ಎರಡು ಬಟ್ಟಲು ಇಡುವುದು ಕ್ಷೇಮ: ಒಂದರಲ್ಲಿ ಡಬ್ಬಿಯದು, ಇನ್ನೊಂದರಲ್ಲಿ ಮನೆಯದು. ಬಣ್ಣದಲ್ಲಿ ಎರಡಕ್ಕೂ ವ್ಯತ್ಯಾಸ ಕಡಿಮೆ, ಅಪಾಯ ಇರುವುದು ಅದರಲ್ಲೇ. ಪಕ್ಕದ ಮನೆಯ ಅಮೆರಿಕನ್ ಗೃಹಸ್ಥ ಸಾಸ್ ಎಂದು ನಂಬಿ ದೊಡ್ಡ ಚಮಚದಲ್ಲಿ ಬಡಿಸಿಕೊಂಡರೆ ಮೊದಲು ಮೌನ, ಆಮೇಲೆ ನೀರು, ಅದಕ್ಕೂ ಆಮೇಲೆ ಕೆಂಪು ಮುಖದಿಂದಲೇ ಎರಡನೇ ಸಲ ಬಡಿಸಿಕೊಳ್ಳುವುದು. ಟರ್ಕಿ ಕೋಳಿಯ ಮಾಂಸ ಸಪ್ಪೆ, ಒಣಕಲು. ಜೋಳದ ರೊಟ್ಟಿಗೆ ತೊಕ್ಕು ಮಾಡುವ ಕೆಲಸವನ್ನು ಆ ಮಾಂಸಕ್ಕೆ ಸಾಸ್ ಮಾಡುತ್ತದೆ. ಲಿಂಗಾಯತ, ವೈಶ್ಯ ಮನೆಗಳಲ್ಲಿ ಕೋಳಿಯ ಪ್ರಶ್ನೆಯೇ ಇಲ್ಲದ್ದರಿಂದ ಸಾಸ್ ನೇರವಾಗಿ ರೊಟ್ಟಿಗೇ ಬರುತ್ತದೆ, ಮೇಲೊಂದು ಬೆಣ್ಣೆಯ ಮುದ್ದೆ.

ಕಾಪಿಡುವುದು ಕಷ್ಟವಲ್ಲ. ಹಣ್ಣಿನ ಹುಳಿ ಜೋರು, ಅದರೊಳಗೆ ಬೆಂಜೊಯಿಕ್ ಆಮ್ಲವೂ ಸಹಜವಾಗಿಯೇ ಇದೆ. ಒಣಗಿದ ಗಾಜಿನ ಭರಣಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕ್ರಿಸ್‌ಮಸ್ ಊಟಕ್ಕೂ ಬರುತ್ತದೆ, ಹಸಿ ಚಮಚ ಅದ್ದದಿದ್ದರೆ. ತಾಜಾ ಹಣ್ಣು ಮಾತ್ರ ಹೊಸ ವರ್ಷ ಕಳೆಯುತ್ತಿದ್ದಂತೆ ಅಂಗಡಿಯಿಂದ ಮಾಯವಾಗುತ್ತದೆ. ತಿಳಿದವರು ನವೆಂಬರಿನಲ್ಲೇ ನಾಲ್ಕಾರು ಚೀಲ ಹೆಚ್ಚು ತಂದು ತೊಳೆಯದೆ ಫ್ರೀಜರಿಗೆ ಹಾಕುತ್ತಾರೆ. ಯುಗಾದಿಗೆ ಭಾರತೀಯ ಅಂಗಡಿಯಲ್ಲಿ ಮಾವಿನಕಾಯಿಯ ಬೆಲೆ ಕೇಳಿ ಬೆಚ್ಚಿದ ದಿನ ಆ ಚೀಲ ಹೊರಗೆ ಬರುತ್ತದೆ. ಕರಗಿಸುವ ಅಗತ್ಯವಿಲ್ಲ, ಹಾಗೇ ಬಾಣಲೆಗೆ ಸುರಿದರಾಯಿತು, ಮುಚ್ಚಳವೊಂದನ್ನು ಮರೆಯಬಾರದು.