ಪೀಜಿ ರೂಮಿನ ಹಣಕಾಸು ಮಂತ್ರಿ

ದೇಶದ ಹಣಕಾಸು ಖಾತೆಯನ್ನು ಯಾವ ಗಳಿಗೆಯಲ್ಲಿ ಒಪ್ಪಿಸಿದರೂ ನಡೆಸಿಕೊಡಲು ತಯಾರಿರುವ ಒಬ್ಬ ಹುಡುಗ ಬೆಂಗಳೂರಿನ ಒಂದೊಂದು ಪೀಜಿಯಲ್ಲೂ ಇದ್ದಾನೆ. ಎಂಜಿನಿಯರಿಂಗ್ ಐದನೆಯ ಸೆಮಿಸ್ಟರು. ಎರಡು ಬ್ಯಾಕ್ ಉಳಿದಿವೆ. ಅವು ಯೂನಿವರ್ಸಿಟಿಯ ವ್ಯಾಲ್ಯುಯೇಷನ್ ದೋಷ. ಅರ್ಥಶಾಸ್ತ್ರವನ್ನು ಅವನು ಪಾಠವಾಗಿ ಓದಿದವನಲ್ಲ, ಅದೇ ಅವನ ಬಲ. ಬಿ.ಎ.ಯಲ್ಲಿ ಅದನ್ನು ಓದುತ್ತಿರುವವರನ್ನು ಈರುಳ್ಳಿ ಬೆಲೆ ಯಾಕೆ ಏರಿತು ಎಂದು ಕೇಳಿ ನೋಡಿ, 'ಇತರ ಅಂಶಗಳು ಸ್ಥಿರವಾಗಿದ್ದರೆ' ಎಂದು ಶುರುಮಾಡಿ ಅಲ್ಲಿಂದ ಮುಂದಕ್ಕೆ ಹೋಗಲಾರದೆ ತಡವರಿಸುತ್ತಾರೆ. ನಮ್ಮ ಹುಡುಗನ ಲೋಕದಲ್ಲಿ ಇತರ ಅಂಶಗಳೇ ಇಲ್ಲ. 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಪುಸ್ತಕದ ಮೊದಲರ್ಧ, ಒಂದಷ್ಟು ರೀಲ್ಸು, ನಡುವೆ ಬಿಟ್ಟುಬಿಟ್ಟ ಎರಡು ಪಾಡ್‌ಕಾಸ್ಟು, ಇಷ್ಟು ಬಂಡವಾಳದಲ್ಲಿ ಮೂರು ಸೂತ್ರಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದಾನೆ. ಕಷ್ಟಪಟ್ಟವನಿಗೆ ದುಡ್ಡು ಬರುತ್ತದೆ. ಬಡವರ ತೊಂದರೆ ಇರುವುದು ಮೈಂಡ್‌ಸೆಟ್‌ನಲ್ಲಿ. ಸರ್ಕಾರ ಬಿಟ್ಟಿ ಕೊಟ್ಟು ಕೊಟ್ಟು ಜನರನ್ನು ಹಾಳು ಮಾಡಿದೆ. ಮೂರನೆಯದನ್ನು ಹೇಳುವಾಗ ಪೀಜಿಯ ಅಡುಗೆಯಾಕೆ ಬಡಿಸಿದ ಎರಡನೇ ಸುತ್ತಿನ ಚಿತ್ರಾನ್ನ ಅವನ ತಟ್ಟೆಯಲ್ಲಿರುತ್ತದೆ, ಆಕೆ ಆ ದಿನ ಕೆಲಸಕ್ಕೆ ಬಂದದ್ದು ಹೆಂಗಸರಿಗೆ ಟಿಕೆಟ್ ದರವಿಲ್ಲದ ಶಕ್ತಿ ಯೋಜನೆಯ ಬಸ್ಸಿನಲ್ಲಿ.

ಇವನನ್ನು ಸ್ವಾರ್ಥಿ ಎಂದು ಬದಿಗೆ ಸರಿಸುವುದು ಸುಲಭ, ಆದರೆ ತಪ್ಪು. ಹುಡುಗ ಒಳ್ಳೆಯವನೇ. ಗೆಳೆಯನ ಪರೀಕ್ಷೆ ಫೀಸಿಗೆ ಕೈಲಿದ್ದದ್ದನ್ನೆಲ್ಲ ಕೊಟ್ಟುಬಿಡುತ್ತಾನೆ. ಆಮೇಲೆ ಟೀ ಅಂಗಡಿಯಲ್ಲಿ ನಾಲ್ವರ ಕಾಫಿ, ಒಂದು ಬನ್ನಿನ ಲೆಕ್ಕವನ್ನು ಆ್ಯಪಿನಲ್ಲಿ ಹಾಕಿ, ಬನ್ ತಿನ್ನದವನಿಗೆ ಅದರ ಪಾಲು ಬೀಳದಂತೆ ಪೈಸೆ ಸಮೇತ ಹಂಚುತ್ತಾನೆ. ಇಷ್ಟು ನಿಖರವಾಗಿ ಲೆಕ್ಕ ಹಾಕಬಲ್ಲವನು ತನ್ನದೇ ಬದುಕಿನ ಲೆಕ್ಕದಲ್ಲಿ ಎಡವುವುದು ಕಣ್ಣಿಗೆ ಬೀಳುವ ಸಹಾಯವನ್ನು ಮಾತ್ರ ಸಹಾಯ ಎಂದು ಎಣಿಸುವುದರಿಂದ. 2023ರ ಜೂನ್ 11ರಿಂದ ಕಂಡಕ್ಟರ್ ಹೆಂಗಸರಿಗೆ ಶೂನ್ಯ ದರದ ಟಿಕೆಟನ್ನು ಹರಿದು ಕೊಡುತ್ತಿದ್ದಾನೆ, ಬಸ್ಸಿನ ತುಂಬ ಜನರ ಎದುರು, ಪ್ರತಿ ಸ್ಟಾಪಿನಲ್ಲಿ. ಅದು ಕಾಣುತ್ತದೆ. ಹುಡುಗನ ಜೇಬಿನಲ್ಲಿರುವ ರಿಯಾಯಿತಿ ಪಾಸನ್ನು ವರ್ಷಕ್ಕೊಮ್ಮೆ ಕೌಂಟರಿನಲ್ಲಿ ಕೊಟ್ಟಿರುತ್ತಾರೆ, ಉಳಿದ ದಿನ ಅದು ಪರ್ಸಿನ ಹಿಂದಿನ ಅರೆಯಲ್ಲಿ ಮಲಗಿರುತ್ತದೆ. ಕಂಡದ್ದು ಬಿಟ್ಟಿ, ಕಾಣದ್ದು ಸ್ವಂತ ಸಂಪಾದನೆ: ಅವನ ಇಡೀ ಅರ್ಥಶಾಸ್ತ್ರ ನಿಂತಿರುವುದು ಇದರ ಮೇಲೆ.

ಹಿಂದಿನ ಕಾಲದ ವಿದ್ಯಾರ್ಥಿಗೆ ಈ ಸೌಕರ್ಯ ಇರಲಿಲ್ಲ. ವಾರಾನ್ನದ ಹುಡುಗ ಸೋಮವಾರ ಯಾರ ಮನೆ, ಮಂಗಳವಾರ ಯಾರ ಮನೆ ಎಂದು ಬಾಯಿಪಾಠ ಮಾಡಿಕೊಂಡಿರಬೇಕಿತ್ತು. ಯಾವ ಮನೆಯಾಕೆ ತುಪ್ಪವನ್ನು ಮಿಳ್ಳೆ ತುಂಬ ಬಡಿಸುತ್ತಾಳೆ, ಯಾರು ಮಿಳ್ಳೆಯನ್ನು ತೋರಿಸಿ ಒಳಗಿಡುತ್ತಾರೆ ಎಂಬುದೂ ಗೊತ್ತಿರುತ್ತಿತ್ತು. ಆ ಪದ್ಧತಿಯನ್ನು ಹಾಡಿ ಹೊಗಳಬೇಕಾಗಿಲ್ಲ. ಜಾತಿ ನೋಡಿಯೇ ಎಲೆ ಹಾಕುತ್ತಿದ್ದರು, ಎಷ್ಟೋ ಮಕ್ಕಳಿಗೆ ವಾರದ ಏಳು ದಿನದಲ್ಲಿ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಆದರೂ ಉಂಡವನಿಗೆ ತಾನು ಯಾರ ಅನ್ನ ಉಂಡೆ ಎಂಬುದರಲ್ಲಿ ಸಂಶಯವಿರಲಿಲ್ಲ. ಈಗಿನವನ ವಾರಾನ್ನ ತಿಂಗಳ ಒಂದನೇ ತಾರೀಖು ಫೋನ್‌ಪೇಯಲ್ಲಿ ಟಣ್ ಎಂದು ಬಂದು ಬೀಳುತ್ತದೆ. ಅದರ ಹಿಂದೆ ಅಪ್ಪ ಸೊಸೈಟಿಯಲ್ಲಿ ಯಾವ ಸಾಲಕ್ಕೆ ಸಹಿ ಹಾಕಿದ, ಅಮ್ಮ ಯಾವ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿದಳು, ಮೆಸೇಜಿನಲ್ಲಿ ಬರೆದಿರುವುದಿಲ್ಲ.

ಕಾಣದ ಸಹಾಯಗಳಲ್ಲಿ ಎಲ್ಲಕ್ಕಿಂತ ಆಳವಾಗಿ ಹೂತು ಹೋಗಿರುವುದು ಜಮೀನು. ಹುಡುಗ ಮಲೆನಾಡಿನವನಾಗಿದ್ದರೆ ಮನೆಯಲ್ಲಿ ನಾಲ್ಕೆಕರೆ ಅಡಿಕೆ ತೋಟ ಇರುವ ಸಂಭವವಿದೆ. 'ನಮ್ಮಜ್ಜ ಜೀರೋದಿಂದ ಕಟ್ಟಿದ್ದು' ಎಂದು ಅವನು ಹೇಳುವಾಗ ಅರ್ಧ ನಿಜವನ್ನೇ ಹೇಳುತ್ತಿರುತ್ತಾನೆ, ಅಜ್ಜ ಬೆವರು ಸುರಿಸಿದ್ದು ಸುಳ್ಳಲ್ಲ. ಉಳಿದರ್ಧವನ್ನು ಪಹಣಿಯ ಹಳೆಯ ಕಾಲಂಗಳಲ್ಲಿ ಹುಡುಕಬೇಕು. ಬಹಳಷ್ಟು ಅಜ್ಜಂದಿರು ಬೇರೆಯವರ ನೆಲಕ್ಕೆ ಗೇಣಿ ಅಳೆಯುತ್ತಿದ್ದವರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಡಿಕ್ಲರೇಷನ್ ಹಾಕಿದ ಗೇಣಿದಾರರ ಅರ್ಜಿಗಳು ಭೂ ನ್ಯಾಯಮಂಡಳಿಗಳ ಮುಂದೆ ಬಂದವು. ಗೆದ್ದವನು ಉಳುತ್ತಿದ್ದ ನೆಲಕ್ಕೆ ಒಡೆಯನಾದ. ಒಡೆಯನಾದವನು ತೋಟ ಎಬ್ಬಿಸಿದ, ತೋಟ ಮಗನನ್ನು ಪದವಿ ಓದಿಸಿತು, ಮಗ ಮೊಮ್ಮಗನನ್ನು ಬೆಂಗಳೂರಿಗೆ ಕಳಿಸಿದ. ಕರ್ನಾಟಕ ಸರ್ಕಾರ ಜನರಿಗೆ ಕೊಡಿಸಿದ್ದರಲ್ಲಿ ಇದಕ್ಕಿಂತ ದೊಡ್ಡದು ಬೇರೊಂದನ್ನು ತೋರಿಸುವುದು ಕಷ್ಟ, ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಇದರ ಮುಂದೆ ಚಿಲ್ಲರೆ. ಆದರೆ ಐವತ್ತು ವರ್ಷ ಕಳೆದರೆ ಸರ್ಕಾರ ಕೊಡಿಸಿದ್ದೂ ಪಿತ್ರಾರ್ಜಿತವಾಗುತ್ತದೆ, ಇನ್ನೊಂದು ತಲೆಮಾರು ಕಳೆದರೆ ಸ್ವಯಾರ್ಜಿತವೂ ಆದೀತು. (ಅದೇ ಕಾಯಿದೆಯಲ್ಲಿ ನೆಲ ಕಳೆದುಕೊಂಡ ಮನೆಯ ಮೊಮ್ಮಗನೂ ಅದೇ ಪೀಜಿಯಲ್ಲಿ ಇರುತ್ತಾನೆ. ಅವನಿಗೆ ಮಾತ್ರ ತಾರೀಖು ಸಮೇತ ನೆನಪಿರುತ್ತದೆ.)

ಇನ್ನು ಸೀಟು. ಸಿಇಟಿ ಅರ್ಜಿ ತುಂಬುವ ದಿನಗಳಲ್ಲಿ ಈ ಕುಟುಂಬ ಒಂದು ವಾರದ ಮಟ್ಟಿಗೆ ಬಡವಾಗುತ್ತದೆ. ನಾಡಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಎಂದು ಶುರುವಾಗುವ ಉದ್ದನೆಯ ನಂಬರು, ತಹಶೀಲ್ದಾರರ ಡಿಜಿಟಲ್ ಸಹಿ, ಇವೆರಡರ ನಡುವೆ ಅಪ್ಪನ ವಾರ್ಷಿಕ ಆದಾಯ ಎಂದು ಒಂದು ಅಂಕಿ ಕೂತಿರುತ್ತದೆ. ಮನೆ ಮುಂದೆ ನಿಂತ ಕಾರಿನ ಇಎಂಐ ಕೂಡ ಆ ಅಂಕಿಯಲ್ಲಿ ಕಟ್ಟಲಾಗದು. ಅಲ್ಲಿಂದ ಸರ್ಕಾರಿ ಕೋಟಾದ ಸೀಟು. ಪಕ್ಕದಲ್ಲಿ ಕೂತ ಮ್ಯಾನೇಜ್‌ಮೆಂಟ್ ಕೋಟಾದವನು ಅದೇ ಬೆಂಚು, ಅದೇ ಲ್ಯಾಬು, ಅದೇ ನಿದ್ದೆಗೆ ಹಲವು ಪಟ್ಟು ಹೆಚ್ಚು ಕಟ್ಟಿರುತ್ತಾನೆ. ಆ ವ್ಯತ್ಯಾಸದ ಹೆಸರೇ ಮೆರಿಟ್ ಎಂದು ನಮ್ಮವನ ವಾದ.

ಆಕ್ಷೇಪಣೆ ಸಹಜ: ರ‍್ಯಾಂಕು ಬಿಟ್ಟಿ ಬಂತೇ? ರಾತ್ರಿ ಹನ್ನೊಂದರವರೆಗೆ ಓದಿದ್ದು ಸುಳ್ಳೇ? ಖಂಡಿತ ಸುಳ್ಳಲ್ಲ. ಆದರೆ ದಕ್ಷಿಣ ಕನ್ನಡದ ರೆಸಿಡೆನ್ಷಿಯಲ್ ಪಿಯು ಕಾಲೇಜಿನ ಸ್ಟಡಿ ಅವರ್ಸ್‌ನಲ್ಲಿ ಹನ್ನೊಂದರವರೆಗೆ ಓದುವುದಕ್ಕೂ, ಅಂಗಡಿ ಬಾಗಿಲು ಹಾಕಿ ಬಂದು ಹನ್ನೊಂದಕ್ಕೆ ಪುಸ್ತಕ ತೆರೆಯುವುದಕ್ಕೂ ಇರುವ ಅಂತರವನ್ನು ರ‍್ಯಾಂಕ್ ಪಟ್ಟಿ ಬರೆಯುವುದಿಲ್ಲ. ಹುಡುಗನ ಗೋಡೆಯ ಮೇಲಿರುವ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳಿ. ಮೆರಿಟ್‌ನ ವಿಷಯದಲ್ಲಿ ಅವರ ಮಾತು ಎಷ್ಟು ಗಟ್ಟಿ ಎಂದರೆ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆ ಎದ್ದು ಮಿಲ್ಲರ್ ಸಮಿತಿ ನೇಮಕವಾದ 1918ರಲ್ಲೇ ಅವರು ದಿವಾನಗಿರಿ ಬಿಡಲು ನಿಶ್ಚಯಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜು ಓದಿದವರು ಅವರು; ಅವರ ಯೋಗ್ಯತೆಯ ಬಗ್ಗೆ ಯಾರೂ ಎರಡು ಮಾತು ಆಡಲಾರರು. ಆ ಯೋಗ್ಯತೆ ಪುಣೆಯ ಎಂಜಿನಿಯರಿಂಗ್ ಕಾಲೇಜು ಮುಟ್ಟಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಎಂಬುದೂ ಅಷ್ಟೇ ನಿಜ. ಹುಡುಗ ಮೊದಲನೆಯದನ್ನು ಫ್ರೇಮ್ ಹಾಕಿಸಿದ್ದಾನೆ. ಕಾಲೇಜು ಬಿಟ್ಟು ಕುಬೇರನಾದ ಬಿಲ್ ಗೇಟ್ಸ್‌ನ ಕಥೆಯೂ ಹೀಗೆಯೇ ಅರ್ಧಕ್ಕೆ ನಿಂತಿದೆ. 1968ರಲ್ಲಿ ಅವನ ಖಾಸಗಿ ಶಾಲೆಯ ತಾಯಂದಿರ ಸಂಘ ಹಳೇ ಸಾಮಾನು ಮಾರಿದ ದುಡ್ಡಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಟರ್ಮಿನಲ್ ಹಾಕಿಸಿಕೊಟ್ಟಿತ್ತು. ಕಾಲೇಜು ಬಿಡುವ ಭಾಗವನ್ನು ಅನುಕರಿಸಬಹುದು, ಅಂಥ ತಾಯಂದಿರ ಸಂಘವನ್ನು ಎಲ್ಲಿಂದ ತರುವುದು?

ಎರಡನೆಯ ಆಕ್ಷೇಪಣೆ ಖಜಾನೆಯದು, ಅದರಲ್ಲಿ ಹುರುಳಿದೆ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ, ಶಕ್ತಿ, ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು ಸುಮಾರು 51 ಸಾವಿರ ಕೋಟಿ. ಎಂಟರಲ್ಲೊಂದು ಪಾಲು. ಈ ದುಡ್ಡಿನಲ್ಲಿ ಶಾಲೆ ಕಟ್ಟಬಹುದಿತ್ತೇ, ರಸ್ತೆ ಮಾಡಬಹುದಿತ್ತೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ, ಕೇಳಲೇಬೇಕು. ನಮ್ಮ ಹುಡುಗ ಕೇಳುವುದು ಅದನ್ನಲ್ಲ. 'ಟ್ಯಾಕ್ಸ್ ಕಟ್ಟುವವರು ನಾವು, ತಿನ್ನುವವರು ಅವರು' ಎನ್ನುತ್ತಾನೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ಅಡಿಕೆಯ ದುಡ್ಡಿಗೆ ಅವನಪ್ಪ ಅದನ್ನು ಕಟ್ಟಿಲ್ಲ. ಚಿತ್ರಾನ್ನ ಬಡಿಸಿದಾಕೆ ಮಾತ್ರ 2025ರ ಸೆಪ್ಟೆಂಬರಿನಲ್ಲಿ ದರ ಇಳಿಯುವವರೆಗೂ ಮೈ ಸೋಪಿಗೆ, ಟೂತ್‌ಪೇಸ್ಟಿಗೆ 18 ಪರ್ಸೆಂಟ್ ಜಿಎಸ್‌ಟಿ ಕೊಟ್ಟಳು, ಹುಡುಗ ಕೊಟ್ಟಷ್ಟೇ. ಮಾರುಕಟ್ಟೆಯ ಮೇಲಿನ ಅವನ ಭಕ್ತಿಯೂ ದರ ತನ್ನ ಮೇಲೆ ಬೀಳುವವರೆಗೆ ಮಾತ್ರ. 2025ರ ಫೆಬ್ರುವರಿ 9ರಂದು ನಮ್ಮ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಪೀಜಿಯ ಟೆರೇಸು ಒಂದೇ ಸಂಜೆಯಲ್ಲಿ ಸಮಾಜವಾದಕ್ಕೆ ತಿರುಗಿತು. ಸಾರ್ವಜನಿಕ ಸಾರಿಗೆ ಲಾಭಕ್ಕಲ್ಲ, ಸರ್ಕಾರ ಸಬ್ಸಿಡಿ ಕೊಡಬೇಕು, ವಿದ್ಯಾರ್ಥಿಗಳಿಗೆ ಪಾಸು ಬೇಕು! ಒಂದೊಂದೂ ಸರಿಯಾದ ಮಾತೇ. ಬೆಳಗ್ಗೆಯವರೆಗೆ ಎಲ್ಲಿದ್ದವೋ.

ಅವಕಾಶ ಎಲ್ಲರಿಗೂ ಸಮ ಎಂಬ ನಂಬಿಕೆಗೆ ಅವನು ದುಡ್ಡನ್ನೇ ಪಣಕ್ಕಿಡುವ ಜಾಗ ಒಂದಿದೆ, ಷೇರುಪೇಟೆಯ ಎಫ್ ಅಂಡ್ ಓ. ಎಕ್ಸ್‌ಪೈರಿ ದಿನ ಮಧ್ಯಾಹ್ನದ ಕ್ಲಾಸಿನಲ್ಲಿ ಡೆಸ್ಕಿನ ಕೆಳಗೆ ಹಸಿರು ಕೆಂಪು ಕ್ಯಾಂಡಲ್‌ಗಳು ಏರಿಳಿಯುತ್ತಿರುತ್ತವೆ, ಹೆಬ್ಬೆರಳು ಗುಂಡಿಯ ಮೇಲೆ ನಡುಗುತ್ತಿರುತ್ತದೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರಗಿಟ್ಟ ಅಧ್ಯಯನ ಹೇಳುವಂತೆ, ಮೂರು ಹಣಕಾಸು ವರ್ಷಗಳಲ್ಲಿ ಇದರಲ್ಲಿ ಆಡಿದ ಬಿಡಿ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಆಡುವವರಲ್ಲಿ ಮೂವತ್ತು ತುಂಬದವರ ಪಾಲು ಒಂದೇ ವರ್ಷದಲ್ಲಿ 31ರಿಂದ 43 ಪರ್ಸೆಂಟಿಗೆ ಏರಿತ್ತು. ಈ ಅಂಕಿಗಳನ್ನು ತೋರಿಸಿದರೆ ಹುಡುಗ ಅಳುಕುವುದಿಲ್ಲ, ಉಳಿದ ಏಳರಲ್ಲಿ ಒಬ್ಬನಾಗುವುದು ಹೇಗೆಂಬ ಕೋರ್ಸಿನ ಲಿಂಕ್ ತೋರಿಸುತ್ತಾನೆ. ಬಡವ ಸೋತರೆ ಮೈಂಡ್‌ಸೆಟ್, ತಾನು ಸೋತರೆ ವೊಲಟಿಲಿಟಿ.

ಇದೆಲ್ಲ ಉಳ್ಳವರ ಮಕ್ಕಳ ಚಾಳಿ ಎಂದುಕೊಂಡರೆ ಧಾರವಾಡದ ಸಪ್ತಾಪುರಕ್ಕೆ ಹೋಗಿ ಬರಬೇಕು. ಹಾಸ್ಟೆಲಿನಲ್ಲಿ ಉಂಡು, ರೀಡಿಂಗ್ ರೂಮಿನಲ್ಲಿ ಕುರ್ಚಿ ಹಿಡಿದು, ವರ್ಷಗಟ್ಟಲೆ ಪರೀಕ್ಷೆ ಕಟ್ಟುವ ಹುಡುಗನೂ ಜೋಳದ ರೊಟ್ಟಿ ಮುರಿಯುತ್ತ ಇದನ್ನೇ ಹೇಳುತ್ತಾನೆ: 'ಸರ್ಕಾರ ಎಲ್ಲಾದಕ್ಕೂ ಕೈ ಹಾಕಬಾರದ್ರೀ, ಪ್ರೈವೇಟ್‌ಗೆ ಬಿಡಬೇಕು.' ಅವನು ಓದುತ್ತಿರುವುದು ಗ್ರಾಮ ಪಂಚಾಯಿತಿಯ ಪಿಡಿಒ ಎಂಬ ಸರ್ಕಾರಿ ಹುದ್ದೆಗೆ. ಗಿನಿ ಸೂಚ್ಯಂಕ ಎಂದರೇನು ಎಂದು ಕೇಳಿದರೆ ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಾನೆ. ಆ ಸೂಚ್ಯಂಕ ಅಳೆಯುವ ಅಸಮಾನತೆ ತನ್ನ ಊರಿನದು ಎಂಬುದು ಸಿಲಬಸ್ಸಿನಲ್ಲಿಲ್ಲ. ಅವನ ಮೇಲೆ ಸಿಟ್ಟು ಬರುವುದಿಲ್ಲ. ಪಡೆದವನು ಎನಿಸಿಕೊಂಡರೆ ಜನ ಹೇಗೆ ನೋಡುತ್ತಾರೆ ಎಂಬುದನ್ನು ಅವನಷ್ಟು ಬಲ್ಲವರಿಲ್ಲ, ಗಳಿಸಿದವರ ಸಾಲಿಗೆ ಬೇಗ ಸೇರಿಕೊಳ್ಳುವ ಆತುರ ಅವನದು. ಆ ಮಟ್ಟಿಗೆ ಅವನಿಗೆ ಒಂದು ಕಾರಣವಾದರೂ ಇದೆ, ಬೆಂಗಳೂರಿನವನಿಗೆ ಅದೂ ಇಲ್ಲ. ಪದವಿ ಮುಗಿಸಿ ಕೆಲಸ ಸಿಗದೆ ಕೂತ ಸೀನಿಯರ್ ಒಬ್ಬ ಯುವನಿಧಿಯ 3,000 ರೂಪಾಯಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದ ದಿನ ಬೆಂಗಳೂರಿನವನು ಕೊಟ್ಟ ತೀರ್ಪು ಹೀಗಿತ್ತು: 'ಅದು ಫ್ರೀಬಿ ಅಲ್ಲ ಮಗಾ, ಅದು ನಮ್ಮ ರೈಟು.'

ಕಡೆಗೆ ಕ್ಯಾಂಪಸ್ಸಿನಲ್ಲಿ ನೌಕರಿ ಸಿಗುತ್ತದೆ, ವರ್ಷಕ್ಕೆ ಮೂರೂವರೆ ಲಕ್ಷದ ಪ್ಯಾಕೇಜು. ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ, ಕಂಪನಿ ಒಂದು ರೂಪಾಯಿಯನ್ನೂ ಟಿಡಿಎಸ್ ಎಂದು ಹಿಡಿಯುವುದಿಲ್ಲ. ಆದರೂ ಜುಲೈ ಬಂದಾಗ ಅವನು ಶೂನ್ಯ ತೆರಿಗೆಯ ರಿಟರ್ನ್ ಸಲ್ಲಿಸಿ, ಅದರ ಸ್ವೀಕೃತಿಯನ್ನು 'ಪ್ರೌಡ್ ಟ್ಯಾಕ್ಸ್‌ಪೇಯರ್' ಎಂಬ ಒಕ್ಕಣೆಯೊಂದಿಗೆ ಸ್ಟೇಟಸ್ ಹಾಕುತ್ತಾನೆ. ಫೈಲ್ ಮಾಡಿಕೊಟ್ಟ ಊರಿನ ಆಡಿಟರ ಫೀಸು ಐನೂರು ರೂಪಾಯಿಯನ್ನು ಅಪ್ಪ ಪೇಟೆಗೆ ಹೋದಾಗ ಕೊಟ್ಟು ಬಂದಿರುತ್ತಾರೆ.