ಸೈಲೆನ್ಸರ್ ಸಂರಕ್ಷಕ

ಬೆಂಗಳೂರಿನಲ್ಲಿ ಫೋರ್ ವೀಲ್ ಡ್ರೈವ್ ವಾಹನವನ್ನು, ಎಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಹಂಚಬಲ್ಲ ಜೀಪಿನ ಜಾತಿಯ ಗಾಡಿಯನ್ನು, ಸಾಲ ಮಾಡಿ ಕೊಂಡವರಲ್ಲಿ ಹಲವು ಪ್ರಭೇದಗಳುಂಟು. ಟೈರಿನ ಮೇಲೆ ಪ್ರಾಣವಿಟ್ಟವರು, ದೀಪಗಳ ಮೇಲೆ ಪ್ರಾಣವಿಟ್ಟವರು, ಮುಂಬದಿಯಲ್ಲಿ ಹಗ್ಗ ಸುತ್ತಿ ಎಳೆಯುವ ವಿಂಚಿನ ಮೇಲೆ ಪ್ರಾಣವಿಟ್ಟವರು ದಾರಿಹೋಕರ ಕಣ್ಣಿಗೂ ಬೀಳುವುದರಿಂದ ಅವರ ಅಧ್ಯಯನ ಸುಲಭ. ಗಾಡಿಯ ಹೊಟ್ಟೆಯ ಕೆಳಗೆ ಸಾಗುವ ಸೈಲೆನ್ಸರ್ ಪೈಪಿನ ಯೋಗಕ್ಷೇಮವನ್ನೇ ಹೊತ್ತುಕೊಂಡವನನ್ನು ನೋಡಬೇಕಾದರೆ ಮಾತ್ರ ಬಗ್ಗಬೇಕು. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ನೆಲದಲ್ಲಿ ಅವನ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದು, ಉಳಿದ ಭಾಗವೆಲ್ಲ ಹೆಂಡತಿಯ ಹಳೆಯ ಯೋಗದ ಚಾಪೆಯ ಮೇಲೆ, ಗಾಡಿಯ ಚೌಕಟ್ಟಾದ ಚಾಸಿಯ ಕೆಳಗೆ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಮಲಗಿರುತ್ತದೆ.

ಅವನ ಚಿಂತೆ ಪೂರ್ತಿ ನಿರಾಧಾರವೇನಲ್ಲ. ಎಂಜಿನ್ನಿನಿಂದ ಹೊರಟ ಬಿಸಿ ಹೊಗೆಯನ್ನು ಒಂದೆಡೆ ಕೂಡಿಸುವ ಮ್ಯಾನಿಫೋಲ್ಡ್, ಅದರ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಸದ್ದನ್ನು ತಗ್ಗಿಸುವ ಡಬ್ಬಿ, ಕೊನೆಗೆ ಹಿಂಬದಿಯಲ್ಲಿ ಇಣುಕುವ ತುದಿ, ಇವುಗಳಲ್ಲಿ ಮ್ಯಾನಿಫೋಲ್ಡ್ ಬಿಟ್ಟರೆ ಬಹುಪಾಲು ನೆಲಕ್ಕೆ ಮುಖಮಾಡಿ ನೇತಾಡುವ ಭಾಗಗಳು. 2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಯಾದ ಮೇಲೆ ಡೀಸೆಲ್ ಗಾಡಿಗಳಿಗೆ ಡಿಪಿಎಫ್ ಎಂಬ, ಮಸಿಯನ್ನು ಹಿಡಿದಿಟ್ಟು ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟುಹಾಕುವ ದುಬಾರಿ ಜಾಲರಿಯೂ ಸೇರಿಕೊಂಡಿದೆ. ಹಿಂಬದಿ ನೆಲಕ್ಕೆ ತಗಲದಂತೆ ಗಾಡಿ ಎಷ್ಟು ಕಡಿದಾದ ಇಳಿಜಾರಿನಿಂದ ಸಮನೆಲಕ್ಕೆ ಇಳಿಯಬಲ್ಲದು ಎಂಬುದನ್ನು ಡಿಪಾರ್ಚರ್ ಆ್ಯಂಗಲ್ ಎನ್ನುತ್ತಾರೆ. ಅವನ ಗಾಡಿಯಾದ 2020ರ ಥಾರ್‌ನಲ್ಲಿ ಅದು 36.8 ಡಿಗ್ರಿ ಎಂಬುದನ್ನು ಅವನು ಮಗಳ ಹುಟ್ಟಿದ ದಿನಕ್ಕಿಂತ ಚುರುಕಾಗಿ ಹೇಳಬಲ್ಲ. ಸಕಲೇಶಪುರದ ಕಡೆಯ ಯಾವುದೋ ತೋಟದ ಹಿಂದಿನ ಹಳ್ಳಕ್ಕೆ ಇಳಿಯುವಾಗ ಪೈಪಿನ ತುದಿ ಒಮ್ಮೆ ‘ಠಣ್’ ಎಂದದ್ದೇ ಅವನ ದೀಕ್ಷೆ.

ಮರುವಾರವೇ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಅವನು ಸ್ಕಿಡ್ ಪ್ಲೇಟ್ ಹಾಕಿಸುತ್ತಾನೆ. ಗಾಡಿಯ ತಳ ಕಲ್ಲಿಗೆ ತಾಗಿದಾಗ ಪೆಟ್ಟನ್ನು ತಾನು ತಿಂದು ಗಾಡಿಯನ್ನು ಮುಂದಕ್ಕೆ ಜಾರಿಸುವ ದಪ್ಪ ತಗಡು ಅದು. ತಗಡಿಗೂ ಪೈಪಿಗೂ ನಡುವಿನ ಸಂದಿಯಲ್ಲಿ ತರಗೆಲೆ, ಒಣಹುಲ್ಲು, ಕೆಸರು ತುಂಬಿಕೊಂಡು, ಕಾದ ಕನ್ವರ್ಟರಿನ ಪಕ್ಕದಲ್ಲಿ ಸಣ್ಣಗೆ ಹೊಗೆಯಾಡತೊಡಗುತ್ತವೆ. ಬೇಸಗೆಯಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬಾರದೆಂದು ವಾಹನಗಳ ಕೈಪಿಡಿಗಳು ಎಚ್ಚರಿಸುವುದು ಇದೇ ಕಾರಣಕ್ಕೆ. ಆದರೆ ತಗಡು ಬಿಚ್ಚಿ ಕಸ ತೆಗೆಯುವುದು ಶಾಸ್ತ್ರಸಮ್ಮತವೆನಿಸದೆ, ಅವನು ಪೈಪಿಗೆ ಗಾಜಿನ ನಾರಿನಿಂದ ನೇಯ್ದ, ಕಾವನ್ನು ಒಳಗೇ ತಡೆಯುವ ಪಟ್ಟಿಯನ್ನು ನೆಗಡಿಯಾದ ಕೂಸಿಗೆ ಅಜ್ಜಿ ಕುಲಾವಿ ಕಟ್ಟುವ ಶ್ರದ್ಧೆಯಿಂದ ಸುತ್ತುತ್ತಾನೆ. ಆ ಪಟ್ಟಿ ಮುಂದಿನ ಹಳ್ಳದಲ್ಲಿ ನೀರು ಕುಡಿದು, ಬೇಗ ಒಣಗದೆ, ಒಳಗಿನ ಪೈಪನ್ನು ಯಾರಿಗೂ ಕಾಣದಂತೆ ತುಕ್ಕು ಹಿಡಿಸುತ್ತದೆ. ಆಗ ಸ್ಟೇನ್‌ಲೆಸ್ ಸ್ಟೀಲಿನ ಅಧ್ಯಾಯ ಆರಂಭವಾಗುತ್ತದೆ: 409 ದರ್ಜೆ ಅಗ್ಗವಾದರೂ ಮೇಲ್ಮೈಯಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗುವುದೆಂದೂ, ನಿಕ್ಕಲ್ ಬೆರೆತ 304 ದರ್ಜೆಯೇ ಶ್ರೇಷ್ಠವೆಂದೂ ಅವನು ಆಫೀಸಿನ ಕ್ಯಾಂಟೀನಿನಲ್ಲಿ ಪ್ರತಿಪಾದಿಸುವಾಗ, ಎದುರಿಗೆ ಕುಳಿತವರು ಅಡುಗೆಮನೆಯ ಪಾತ್ರೆಗಳ ಮಾತೆಂದು ತಿಳಿದು ತಲೆಯಾಡಿಸುತ್ತಾರೆ. ಹೊಸ ಪೈಪು ಮಾಡಿಸಿದ ಮೇಲೆ ಅದು ಹೊಗೆಯನ್ನು ಅಡೆತಡೆಯಿಲ್ಲದೆ ಬಿಡುವ ಫ್ರೀ ಫ್ಲೋ ಆಗಿರುವುದೇ ನ್ಯಾಯ. ಆದ್ದರಿಂದ ತುಮಕೂರು ದಾಟುವಷ್ಟರಲ್ಲಿ ಒಳಗೆ ಕುಳಿತವರ ಕಿವಿ ಗುಂಯ್‌ಗುಡುತ್ತದೆ, ಸದ್ದು ತಡೆಯುವ ಮ್ಯಾಟುಗಳನ್ನು ಕಾರ್ಪೆಟ್ಟಿನ ಕೆಳಗೆ ಹಾಸಬೇಕಾಗುತ್ತದೆ, ತಗಡೂ ಮ್ಯಾಟೂ ಸೇರಿ ಭಾರ ಹೆಚ್ಚಿ ಗಾಡಿಯ ಹಿಂಬದಿ ತುಸು ಕುಳಿತು, ಪೈಪಿನ ತುದಿ ನೆಲಕ್ಕೆ ಮೊದಲಿಗಿಂತ ಹತ್ತಿರವಾಗುತ್ತದೆ.

ಇಷ್ಟೆಲ್ಲದರ ನಡುವೆ ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸವೊಂದಿದೆ: ಜೋತುಬಿದ್ದ ಪೈಪನ್ನು ಚಾಸಿಯ ಅಂಚಿಗಿಂತ ಮೇಲಕ್ಕೆತ್ತಿ, ಸವೆದ ಹ್ಯಾಂಗರ್ ರಬ್ಬರುಗಳನ್ನು, ಎಂದರೆ ಪೈಪು ಪೆಟ್ಟು ಬಿದ್ದಾಗ ಮುರಿಯದೆ ತೂಗಾಡುವಂತೆ ಹಿಡಿದಿಡುವ ಬಳೆಗಳನ್ನು, ಬದಲಾಯಿಸುವುದು. ಇದಕ್ಕೆ ತಗಲುವ ಖರ್ಚು ಕಡಿಮೆ, ಮುಗಿದ ಮೇಲೆ ಫೋಟೊದಲ್ಲಿ ಕಾಣುವುದೂ ಇಲ್ಲ. ಈ ಎರಡು ದೋಷಗಳಿಂದಾಗಿ ಸಂರಕ್ಷಕನಿಗೆ ಅದು ರುಚಿಸದು. ಅವನಿಗೆ ರುಚಿಸುವುದು ಪೈಪನ್ನು ಹಿಂದಿನ ಆ್ಯಕ್ಸಲ್ಲಿಗೆ ಮೊದಲೇ ಕತ್ತರಿಸಿ ಬಿಡುವ ಉಪಾಯ. ಹಾಗೆ ಮಾಡಿದಾಗ ಕಲ್ಲಿನ ಪೆಟ್ಟು ತಪ್ಪುವುದು ದಿಟವಾದರೂ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಸೀಟಿನ ಕೆಳಗೇ ಹೊರಬಿದ್ದು ಒಳನುಗ್ಗುವ ಅಪಾಯ ಉಂಟಾಗುತ್ತದೆ.

ನೀರಿನ ವಿಷಯದಲ್ಲಿ ಅವನ ಭಯ ಇನ್ನೂ ಗಾಢವಾದುದು. ಪೈಪಿನ ತುದಿ ಮುಳುಗಿದೊಡನೆ ನೀರು ಹಿಂದಿನಿಂದ ಎಂಜಿನ್ನಿಗೆ ನುಗ್ಗುವುದೆಂದು ನಂಬಿ, ಆ ತುದಿಯನ್ನು ಗಾಡಿಯ ನೆತ್ತಿಯವರೆಗೆ ಏರಿಸುವ ಯೋಜನೆಯನ್ನು ಅವನು ಟಿಶ್ಯೂ ಪೇಪರಿನ ಮೇಲೆ ಬರೆದಿಟ್ಟುಕೊಂಡಿರುತ್ತಾನೆ. ಕಂಪನಿಯವರು ಥಾರ್‌ಗೆ ಹೇಳಿರುವ ಮಿತಿ 650 ಮಿಲಿಮೀಟರ್ ನೀರು. ಒಂದು ಮೀಟರ್ ನೀರು ಕೂಡ ಒತ್ತುವುದು ವಾಯುಭಾರದ ಹತ್ತರಲ್ಲಿ ಒಂದು ಪಾಲಿನಷ್ಟೇ ಆದ್ದರಿಂದ, ಓಡುತ್ತಿರುವ ಎಂಜಿನ್ನಿನ ಹೊಗೆ ಅದನ್ನು ಗುಳುಗುಳು ಎನ್ನಿಸಿ ಹೊರದೂಡುತ್ತದೆ. ಎಂಜಿನ್ನಿಗೆ ಮುಳುವಾಗುವುದು ಮುಂದಿನಿಂದ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ನುಗ್ಗುವ ನೀರು; ಅದು ಸಿಲಿಂಡರಿನಲ್ಲಿ ಕುಗ್ಗದೆ ನಿಂತು ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಆದರೆ ನಡುಹಳ್ಳದಲ್ಲಿ ಗಾಬರಿಯಿಂದ ಎಂಜಿನ್ ಆರಿಸಿ, ಪೈಪಿಗೆ ತಾನೇ ನೀರು ತುಂಬಿಸಿಕೊಳ್ಳುವವನೂ ಇವನೇ.

ಮಡಿಕೇರಿಯ ಕಡೆಯಿಂದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಏರುವ ಹಳೆಯ ಜೀಪೊಂದರ ಪಕ್ಕದಲ್ಲಿ ಈ ಗಾಡಿ ನಿಂತಾಗ ಎರಡು ಸಂಪ್ರದಾಯಗಳು ಮುಖಾಮುಖಿಯಾಗುತ್ತವೆ. ಆ ಜೀಪಿನ ಪೈಪು ಎಂದೋ ತುಂಡಾಗಿ, ತೂತಿನ ಮೇಲೆ ತಂಪುಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡು ಸುತ್ತಿಕೊಂಡು, ಬೈಂಡಿಂಗ್ ವೈರಿನಿಂದ ಚಾಸಿಗೆ ಬಿಗಿದುಕೊಂಡಿರುತ್ತದೆ. ಡಬ್ಬಿಯ ಮೇಲಿನ ಕೆಂಪು ಬಣ್ಣ ಅರ್ಧ ಸುಟ್ಟು ಇನ್ನರ್ಧ ಉಳಿದಿರುತ್ತದೆ. ಸಂರಕ್ಷಕ ಮಂಡಿಯೂರಿ ಅದನ್ನು ಪರೀಕ್ಷಿಸಿ, ಲೋಹದ ದರ್ಜೆ, ಒತ್ತಡ, ಉಷ್ಣತೆಗಳನ್ನು ಕುರಿತು ವಿವರಿಸಿದ ಮೇಲೆ, ಚಾಲಕ ಎಲೆಯಡಿಕೆಯನ್ನು ದವಡೆಯ ಆಚೆಗೆ ಸರಿಸಿ, “ಹೊಗೆ ಹೋಗ್ತದಲ್ಲ ಸಾರ್, ಮತ್ತೆಂತ ತೊಂದರೆ?” ಎಂದು ಕೇಳಿ, ಏಳು ಜನರನ್ನು ಹತ್ತಿಸಿಕೊಂಡು ಹೊರಟುಹೋಗುತ್ತಾನೆ.

ಕಾನೂನನ್ನು ಅವನು ಓದಿಕೊಂಡಿಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ಕಂಪನಿಯ ಮೂಲ ವಿನ್ಯಾಸಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಎಲ್ಲವೂ ಅವನಿಗೆ ಕಂಠಪಾಠ. ಆ ಕಾರಣದಿಂದಲೇ ಗಾಡಿಯ ಜೊತೆ ಬಂದ ಮೂಲ ಸೈಲೆನ್ಸರನ್ನು ಗೌರಿಗಣೇಶ ಹಬ್ಬದ ಮಂಟಪದ ಪಕ್ಕದಲ್ಲಿ, ಅಟ್ಟದ ಮೇಲೆ, ಬೆಡ್‌ಶೀಟಿನಲ್ಲಿ ಸುತ್ತಿಟ್ಟು, ಸರ್ವೀಸಿಗೆ ಬಿಡುವ ಹಿಂದಿನ ರಾತ್ರಿ ಇಳಿಸಿ ಜೋಡಿಸುತ್ತಾನೆ. ಕೊನೆಗೊಂದು ದಿನ ಗಾಡಿ ಮಾರಲು ನಿಂತಾಗ, ಕೊಳ್ಳಲು ಬಂದವನ ಎದುರು ಅದೇ ಮೂಲ ಪೈಪನ್ನು ತೋರಿಸಿ, “ಒಂದು ಗೀರೂ ಇಲ್ಲ ನೋಡಿ, ಕಾಡುಮೇಡು ಅಲೆಸಿದ ಗಾಡಿಯೇ ಅಲ್ಲ” ಎಂದು ಆಣೆಯಿಡುತ್ತಾನೆ. ವಾರಾಂತ್ಯಗಳಲ್ಲಿ ಬಹುಪಾಲನ್ನು ಗಾಡಿ ವೆಲ್ಡಿಂಗ್ ಅಂಗಡಿಯ ಮುಂದೆಯೇ ಕಳೆದಿರುವುದರಿಂದ ಆ ಮಾತಿನಲ್ಲಿ ಹೇಳಿಕೊಳ್ಳುವಂಥ ಸುಳ್ಳೇನೂ ಇರುವುದಿಲ್ಲ.