ಅಂದಾಜಿನ ಜೊತೆಗಾರ

ಪ್ರವಾಸಕ್ಕೆ ಒಯ್ಯುವ ಸಾಮಾನಿನ ಪಟ್ಟಿಯಲ್ಲಿ ಮೊಬೈಲಿನ ಹೆಸರು ಇರುವುದಿಲ್ಲ. ಟವೆಲು, ಟೂತ್‌ಪೇಸ್ಟು, ಚಕ್ಕುಲಿ ಡಬ್ಬಿಗಳು ಚೀಲ ಸೇರಿದರೆ ಮೊಬೈಲು ಮನೆಯ ಸದಸ್ಯನ ಹಾಗೆ ಅಂಗಿಯ ಜೇಬಿನಲ್ಲಿ ಕೂತು ಹೊರಡುತ್ತದೆ. ಕ್ಯಾಮೆರಾ, ನಕ್ಷೆ, ಟಾರ್ಚು, ಟಿಕೆಟ್ಟು, ಪರ್ಸು, ಅಲಾರಮ್ಮು, ಬೇಸರವಾದರೆ ಸಿನಿಮಾ ಎಲ್ಲವೂ ಅದೇ. ಇಷ್ಟು ಕೆಲಸ ಮಾಡುವ ಈ ಜೊತೆಗಾರನಿಗೆ ಒಂದು ಸ್ವಭಾವವಿದೆ. ಅದು ಹೇಳುವುದರಲ್ಲಿ ಬಹುಪಾಲು ಅಂದಾಜು. ಅಂದಾಜು ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಅದಕ್ಕಿಲ್ಲ.

ಫೋನಿಗೂ ಫೋಟೊಗೂ ನಂಟು ಬೆಳೆದದ್ದು ಹೆರಿಗೆ ಆಸ್ಪತ್ರೆಯಲ್ಲಿ. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞ ಕ್ಯಾಮೆರಾ, ಲ್ಯಾಪ್‌ಟಾಪು, ಮೊಬೈಲು ಮೂರನ್ನೂ ಜೋಡಿಸಿ, ಆಗಷ್ಟೇ ಹುಟ್ಟಿದ ಮಗಳ ಚಿತ್ರವನ್ನು ಬಂಧುಮಿತ್ರರಿಗೆಲ್ಲ ಕಳಿಸಿದ. ಹೆಂಡತಿ ಹೆರಿಗೆ ನೋವು ತಿನ್ನುತ್ತಿರುವಾಗ ಗಂಡ ಫೋನಿನ ಗೊಡವೆಯಲ್ಲಿ ಮುಳುಗಿದ್ದ ಮೊದಲ ದಾಖಲೆಯೂ ಬಹುಶಃ ಇದೇ. ಮೂರು ವರ್ಷದ ನಂತರ, 2000ದಲ್ಲಿ, ಜಪಾನಿನ ಶಾರ್ಪ್ ಕಂಪನಿ ಬೆನ್ನಿಗೇ ಕ್ಯಾಮೆರಾ ಇದ್ದ ಫೋನನ್ನು ಮಾರುಕಟ್ಟೆಗೆ ತಂದಿತು. ಅದರ ಚಿತ್ರದಲ್ಲಿದ್ದದ್ದು ಸುಮಾರು 1.1 ಲಕ್ಷ ಚುಕ್ಕಿ. ಈಗಿನ ಸಾಧಾರಣ ಫೋನಿನ ಚಿತ್ರದಲ್ಲೂ ಕೋಟಿಗೂ ಹೆಚ್ಚು ಚುಕ್ಕಿಗಳಿರುತ್ತವೆ.

ಅದಕ್ಕೆ ಮುಂಚೆ ಕ್ಯಾಮೆರಾ ಇಡೀ ವಠಾರಕ್ಕೆ ಒಂದೇ ಇರುತ್ತಿತ್ತು. ಭಾರತದಲ್ಲಿ ಮನೆಮಾತಾಗಿದ್ದ ಆಗ್ಫಾ ಕ್ಲಿಕ್-3ಕ್ಕೆ ಹಾಕುವ ರೀಲಿನಲ್ಲಿ ಬರುತ್ತಿದ್ದದ್ದು 12 ಫೋಟೊ. ಶ್ರವಣಬೆಳಗೊಳಕ್ಕೆ ಮೂರು, ಬೇಲೂರಿಗೆ ಮೂರು, ಹಳೇಬೀಡಿಗೆ ಎರಡು ಎಂದು ಹೊರಡುವ ಮೊದಲೇ ಪಡಿತರ ಹಂಚಿಕೆಯಾಗುತ್ತಿತ್ತು. ಯಾರು ಕಣ್ಣು ಮುಚ್ಚಿದ್ದರು ಎಂಬುದು ಊರಿಗೆ ಮರಳಿ ರೀಲು ತೊಳೆಸಿದ ಮೇಲಷ್ಟೇ ಬಯಲಾಗುತ್ತಿತ್ತು. ಈಗ ಒಬ್ಬ ಗೊಮ್ಮಟನಿಗೇ ಮೂರು ರೀಲಿನಷ್ಟು ಚಿತ್ರ ಖರ್ಚಾಗುತ್ತವೆ. 57 ಅಡಿಯ ಮೂರ್ತಿಯ ಬುಡದಲ್ಲಿ ನಿಂತು ಅಷ್ಟನ್ನೂ ಒಂದೇ ಚೌಕಟ್ಟಿಗೆ ತುಂಬಿಸಲು ಹೋದರೆ ಪಾದ ಕಂಬದಷ್ಟು, ತಲೆ ನಿಂಬೆಹಣ್ಣಿನಷ್ಟು ಬರುತ್ತದೆ. ಸಾವಿರ ವರ್ಷದಿಂದ ಅಲ್ಲಾಡದೆ ನಿಂತವನ ತಪ್ಪು ಇದರಲ್ಲಿ ಏನೂ ಇಲ್ಲ.

ಪ್ರವಾಸದಲ್ಲಿ ಮೊಬೈಲಿನ ಮೊದಲ ಕೆಲಸ ದಾರಿ ತೋರಿಸುವುದು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಫೋನು ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಇದಕ್ಕೆ ಮೊಬೈಲ್ ಟವರಿನ ಹಂಗಿಲ್ಲ. ಆದರೆ ನಕ್ಷೆಯ ಚಿತ್ರ ಬರಬೇಕಾದರೆ ಇಂಟರ್ನೆಟ್ ಬೇಕು. ಹಾಗಾಗಿ ಟವರ್ ಸಿಗದ ಘಟ್ಟದ ತಿರುವಿನಲ್ಲಿ ಬಿಳಿ ಪರದೆಯ ಮೇಲೆ ನೀಲಿ ಚುಕ್ಕಿಯೊಂದು ಒಂಟಿಯಾಗಿ ಮಿಣುಕುತ್ತಿರುತ್ತದೆ. ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎನ್ನುವುದು ಆಗಲೂ ಫೋನಿಗೆ ಗೊತ್ತು. ಅದು ಆಗುಂಬೆಯೋ ಆಫ್ರಿಕಾವೋ ಎಂದು ತೋರಿಸಲು ಮಾತ್ರ ಆಗುವುದಿಲ್ಲ. ಮನೆಯಲ್ಲಿ ವೈಫೈ ಇದ್ದಾಗಲೇ ಆ ಜಿಲ್ಲೆಯ ನಕ್ಷೆಯನ್ನು ಇಳಿಸಿಟ್ಟುಕೊಂಡರೆ ಈ ಅವಸ್ಥೆ ತಪ್ಪುತ್ತದೆ.

ತಲುಪುವ ಹೊತ್ತನ್ನು ಅದು ಅಂದಾಜು ಮಾಡುವುದು ಅದೇ ರಸ್ತೆಯಲ್ಲಿ ಸಾಗುತ್ತಿರುವ ಬೇರೆ ಫೋನುಗಳ ವೇಗ ನೋಡಿ, ಹಿಂದಿನ ದಿನಗಳ ಲೆಕ್ಕ ನೋಡಿ. ಬೆಂಗಳೂರಿನ ನೆಲಮಂಗಲ ದಾಟುವಾಗ ಈ ವಿಧಾನ ಚೆನ್ನಾಗಿಯೇ ನಡೆಯುತ್ತದೆ, ಅಲ್ಲಿ ಫೋನುಗಳಿಗೇನು ಬರವಿಲ್ಲ. ಮಲೆನಾಡಿನ ಒಳದಾರಿಯಲ್ಲಿ ಲೆಕ್ಕಕ್ಕೆ ಸಿಗುವ ಫೋನು ಒಂದೇ, ಅದೂ ದಾರಿ ತಪ್ಪಿದವರದ್ದು. ಆರು ಕಿಲೋಮೀಟರು ಉಳಿಯುತ್ತದೆಂದು ನಕ್ಷೆ ಕಂಡುಹಿಡಿದ ಅಡ್ಡದಾರಿ ಡಾಂಬರಿನಿಂದ ಜಲ್ಲಿಗೆ, ಜಲ್ಲಿಯಿಂದ ಕೆಸರಿಗೆ ಇಳಿದು ಕೊನೆಗೆ ಯಾರದೋ ಅಡಿಕೆ ತೋಟದ ಉಣುಗೋಲಿನ ಮುಂದೆ ನಿಲ್ಲುತ್ತದೆ. ಒಳಗಿಂದ ಬಂದ ಯಜಮಾನರಿಗೆ ಇದೇನೂ ಹೊಸತಲ್ಲ. “ಮ್ಯಾಪ್ ಹಾಕ್ಕೊಂಡು ಬಂದ್ರಾ? ಹಿಂದೆ ತಗೊಳ್ಳಿ, ಕಟ್ಟೆ ಹತ್ರ ಎಡಕ್ಕೆ. ಅಲ್ಲಿಂದ ಇಲ್ಲೇ, ಹತ್ರ.” ಈ ‘ಇಲ್ಲೇ’ಯೂ ಒಂದು ಅಂದಾಜೇ. ಅದರ ಉದ್ದ ಒಂದು ಫರ್ಲಾಂಗಿನಿಂದ ಒಂಬತ್ತು ಕಿಲೋಮೀಟರಿನವರೆಗೆ ಎಷ್ಟೂ ಇರಬಹುದು. ಆದರೂ ಯಜಮಾನರು ನಕ್ಷೆಗಿಂತ ಒಂದು ಕೈ ಮೇಲು. ಅವರಲ್ಲಿ ಕುಡಿಯಲು ನೀರೂ ಬೆಲ್ಲವೂ ಸಿಗುತ್ತವೆ.

ಊರು ತಲುಪಿದ ಕೂಡಲೆ ಮೊಬೈಲು ಕ್ಯಾಮೆರಾ ಆಗುತ್ತದೆ. ಅದರ ನಿಜವಾದ ಕಸುಬು ಇರುವುದು ಇಲ್ಲಿ. ಮಸೂರದ ಹಿಂದೆ ಬೆಳಕು ಹಿಡಿಯುವ ಫಲಕ ಹೆಚ್ಚೆಂದರೆ ಉಗುರಿನಗಲ. ಅದರ ಒಂದೊಂದು ಚುಕ್ಕಿಯೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು, ಜನಗಣತಿಯವರು ಬೀಗ ಹಾಕಿದ ಮನೆಯ ವಿವರವನ್ನು ಪಕ್ಕದ ಮನೆಯವರಿಂದ ಬರೆದುಕೊಂಡಂತೆ, ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಊಹಿಸಲಾಗುತ್ತದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇದು. ದೊಡ್ಡ ಡಿಜಿಟಲ್ ಕ್ಯಾಮೆರಾಗಳಲ್ಲೂ ಸಾಮಾನ್ಯವಾಗಿ ಇರುವುದು ಇದೇ. ಅಂದರೆ ರೇಷ್ಮೆ ಸೀರೆಯ ಬಣ್ಣ ಫೋಟೊದಲ್ಲಿ ಅದ್ಭುತವಾಗಿ ಬಂದಿದೆ ಎಂದು ಹಿಗ್ಗುವಾಗ, ಆ ಬಣ್ಣದ ಮೂರರಲ್ಲಿ ಎರಡು ಪಾಲು ನೆರೆಹೊರೆಯವರ ಹೇಳಿಕೆ ಎಂಬುದು ನೆನಪಿರಬೇಕು.

ಊಹೆ ಅಲ್ಲಿಗೇ ಮುಗಿಯುವುದಿಲ್ಲ. ಗುಂಡಿ ಒತ್ತಿದಾಗ ಫೋನು ಬಹಳ ಸಲ ಒಂದರ ಬದಲು ಹತ್ತಾರು ಚಿತ್ರ ಹಿಡಿದು, ಒಂದರಿಂದ ಆಕಾಶ, ಇನ್ನೊಂದರಿಂದ ನೆರಳು ಹೆಕ್ಕಿ ಹೊಲಿದುಕೊಡುತ್ತದೆ. ಮೈಸೂರು ಅರಮನೆಗೆ ಭಾನುವಾರ ಸಂಜೆ ಹತ್ತಿರಹತ್ತಿರ ಒಂದು ಲಕ್ಷ ಬಲ್ಬು ಹೊತ್ತಿದಾಗ ಈ ಹೊಲಿಗೆಯ ಕಸುಬುಗಾರಿಕೆ ಕಾಣುತ್ತದೆ. ದೀಪವೂ ಉರಿದುಹೋಗದೆ, ಗೋಪುರದ ಮೇಲಿನ ಕತ್ತಲೂ ಮಸಿಯಾಗದೆ ಬರುತ್ತವೆ. ‘ಅಲುಗಾಡಬೇಡಿ’ ಎಂದು ಫೋನು ಕೇಳಿಕೊಂಡ ಆ ಎರಡು ಮೂರು ಸೆಕೆಂಡಿನಲ್ಲಿ ಹತ್ತಿಮಿಠಾಯಿ ಹಿಡಿದು ಅಡ್ಡ ಓಡಿದ ಮಗು ಮಾತ್ರ ಅಶರೀರವಾಗಿ ಅಂಗಳದಲ್ಲಿ ತೇಲುತ್ತಿರುತ್ತದೆ.

ಹಂಪಿಯಲ್ಲಿ ಇನ್ನೊಂದು ಆಚಾರ ಬೆಳೆದಿದೆ. 2017ರಿಂದ ಚಲಾವಣೆಯಲ್ಲಿರುವ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಕಲ್ಲಿನ ರಥವಿದೆ. ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಪ್ರವಾಸಿಗರು ಎಡಗೈಯಲ್ಲಿ ನೋಟು, ಬಲಗೈಯಲ್ಲಿ ಫೋನು ಹಿಡಿದು, ಒಂದು ಕಣ್ಣು ಮುಚ್ಚಿ, ಆ ರಥಕ್ಕೂ ಈ ರಥಕ್ಕೂ ಗಾಲಿ ಹೊಂದಿಸುತ್ತಿರುತ್ತಾರೆ. ತುಂಗಭದ್ರೆಯ ಕಡೆಯಿಂದ ಗಾಳಿ ಬಂದರೆ ಮತ್ತೆ ಮೊದಲಿಂದ. ಹತ್ತಿರದ ನೋಟು, ದೂರದ ರಥ ಎರಡೂ ಒಂದು ಮಟ್ಟಿಗೆ ಸ್ಪಷ್ಟವಾಗಿ ಬರುವುದಕ್ಕೆ ಕಾರಣ ಫೋನಿನ ಫಲಕ ಚಿಕ್ಕದಾಗಿರುವುದೇ. ದುಬಾರಿ ದೊಡ್ಡ ಕ್ಯಾಮೆರಾದಲ್ಲಿ ಇವೆರಡರಲ್ಲಿ ಒಂದು ಸುಲಭವಾಗಿ ಮಸುಕಾಗುತ್ತದೆ. ಆ ಮಸುಕೇ ಅಂದವೆಂದು ಹೆಸರಾದ್ದರಿಂದ ಫೋನುಗಳು ಪೋರ್ಟ್ರೇಟ್ ಎಂಬ ಹೆಸರಿನಲ್ಲಿ ಅದನ್ನೂ ಲೆಕ್ಕ ಹಾಕಿ ಬಳಿಯತೊಡಗಿದವು. ತಲೆ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎನ್ನುವುದೂ ಇಲ್ಲಿ ಅಂದಾಜು. ಮುಡಿದ ಮಲ್ಲಿಗೆಯಲ್ಲಿ ಅರ್ಧ ದಂಡೆ ಹಿಂದಿನ ಬಂಡೆಗೆ ಸೇರಿಹೋಗುವುದುಂಟು.

ಸೆಲ್ಫಿಯ ಸಮಸ್ಯೆ ಮೂಗಿನದು. ಕೈಯಳತೆಯಲ್ಲಿ ಮೂಗು ಕಿವಿಗಿಂತ ಕ್ಯಾಮೆರಾಕ್ಕೆ ಹತ್ತಿರ, ಆದ್ದರಿಂದ ದಪ್ಪ. ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಪಕ್ಕದವರ ಕೈಗೆ ಫೋನು ಕೊಟ್ಟು ‘ಒಂದು ಫೋಟೊ ಹೊಡೀತೀರಾ’ ಎಂದು ಕೇಳಿಕೊಂಡರೆ ಖರ್ಚಿಲ್ಲದೆ ಮೂಗು ಮೊದಲಿನಂತಾಗುತ್ತದೆ. ಪಕ್ಕದವರು ತಮ್ಮ ಹೆಬ್ಬೆರಳನ್ನೂ ಸೇರಿಸಿ ತೆಗೆಯುವುದು ಬೇರೆ ವಿಷಯ. ಬೇಲೂರಿನ ಚೆನ್ನಕೇಶವ ಗುಡಿಯ ಹೊರಗೆ ದರ್ಪಣ ಸುಂದರಿಯನ್ನು ನೋಡಲು ದೂರದಿಂದ ಬಂದವರು ಅವಳಿಗೆ ಬೆನ್ನು ಹಾಕಿ ತಮ್ಮ ಗಾಜನ್ನು ನೋಡಿಕೊಳ್ಳುತ್ತಾರೆ. ಇಬ್ಬರ ಮುಖದಲ್ಲೂ ಸಮಾಧಾನವಿರುತ್ತದೆ.

ಫೋನಿನ ಮಾತು ನಡೆಯದಿರುವುದು ದೂರದ ವಿಷಯದಲ್ಲಿ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಎರಡು ಬೆರಳಿನಿಂದ ಸಾಧಾರಣ ಫೋನಿನ ಪರದೆ ಹಿಗ್ಗಿಸಿದರೆ ಹಕ್ಕಿ ಹತ್ತಿರ ಬರುವುದಿಲ್ಲ, ಇದ್ದ ಚಿತ್ರದ ತುಂಡು ದೊಡ್ಡದಾಗುತ್ತದೆ ಅಷ್ಟೆ. ಕೊಕ್ಕರೆ ಸುಣ್ಣದ ಹನಿಯಾಗುತ್ತದೆ, ಮೊಸಳೆ ಬಂಡೆಯಾಗುತ್ತದೆ. ಎರಡನೆಯದಕ್ಕೆ ಫೋನನ್ನು ದೂರುವಂತಿಲ್ಲ, ಮೊಸಳೆಯ ಉದ್ದೇಶವೂ ಅದೇ ಆಗಿತ್ತು. ಇನ್ನು ಮಳೆಗಾಲದ ಜೋಗ. 253 ಮೀಟರ್ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಂಜಿನೊಳಗೆ ಅಡಗಿದಾಗ ಕ್ಯಾಮೆರಾಕ್ಕೂ ಬೇರೆ ದಾರಿಯಿಲ್ಲ, ಬಿಳಿ ಗೋಡೆಯನ್ನೇ ತೆಗೆದುಕೊಡುತ್ತದೆ. ಬಿಸಿಲಿನಲ್ಲೂ ಚಿತ್ರ ಮಂಜಾಗಿ ಬಂದರೆ ತಂತ್ರಜ್ಞಾನವನ್ನು ಅನುಮಾನಿಸುವ ಮೊದಲು ಮಸೂರ ಒರೆಸಬೇಕು. ದಾವಣಗೆರೆಯಲ್ಲಿ ತಿಂದ ದೋಸೆಯ ಬೆಣ್ಣೆ ಚಿತ್ರದುರ್ಗದ ಕೋಟೆಗೆ ಪ್ರಭೆ ಕಟ್ಟುವುದು ಎಲ್ಲರೂ ಕಂಡದ್ದೇ.

ಹಣದ ವ್ಯವಹಾರದಲ್ಲಿ ಮಾತ್ರ ಅದು ಅಂದಾಜು ಮಾಡುವುದಿಲ್ಲ, ಅದೊಂದು ಪುಣ್ಯ. 2016ರಲ್ಲಿ ಯುಪಿಐ ಬಂದ ಮೇಲೆ ಎಳನೀರಿನ ಗಾಡಿಗೂ ಸ್ಕ್ಯಾನರ್ ಚೀಟಿ ಅಂಟಿತು. ಎಳನೀರು ಕುಡಿದು, ಗಂಜಿಯನ್ನೂ ಕೆರೆಸಿ ತಿಂದಾದ ಮೇಲೆ ಪರದೆಯಲ್ಲಿ ಚಕ್ರ ಸುತ್ತತೊಡಗಿದರೆ ಕೊಟ್ಟವರೂ ಕುಡಿದವರೂ ಒಟ್ಟಿಗೆ ಆಕಾಶ ನೋಡಬೇಕಾಗುತ್ತದೆ. ಬಲ್ಲವರು ಫೋನಿನ ಕವರಿನ ಹಿಂದೆ ನೂರರ ನೋಟೊಂದನ್ನು ಮಡಚಿಟ್ಟಿರುತ್ತಾರೆ.

ಬ್ಯಾಟರಿಯ ಶೇಕಡಾವಾರೂ ಅಳತೆಯಲ್ಲ, ವೋಲ್ಟೇಜನ್ನೂ ಹರಿದ ವಿದ್ಯುತ್ತನ್ನೂ ನೋಡಿ ಕಟ್ಟಿದ ಅಂದಾಜು. ಬ್ಯಾಟರಿ ಹಳತಾದಂತೆ, ಚಳಿ ಏರಿದಂತೆ ಅಂದಾಜು ಹಳಿ ತಪ್ಪುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಸೂರ್ಯ ಮೂಡುವ ಹೊತ್ತಿಗೆ ಶೇಕಡಾ 20 ಎನ್ನುತ್ತಿದ್ದ ಹಳೆಯ ಫೋನು ಸೂರ್ಯನ ಮುಖ ಕಂಡದ್ದೇ ಕಣ್ಣು ಮುಚ್ಚಬಹುದು. ಟವರ್ ಹುಡುಕಾಟವೂ ಚಾರ್ಜು ತಿನ್ನುವುದರಿಂದ ಕಾಡುದಾರಿಯಲ್ಲಿ ಏರೋಪ್ಲೇನ್ ಮೋಡ್ ಒಳ್ಳೆಯದು. ಪವರ್ ಬ್ಯಾಂಕ್ ಒಯ್ಯುವವರು ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಸಾಮಾನಿಗೆ ಹಾಕುವಂತಿಲ್ಲ. ಲಾಡ್ಜಿನ ಕೋಣೆಗೆ ಒಂದೇ ಪ್ಲಗ್ ಪಾಯಿಂಟು, ಅದೂ ಕನ್ನಡಿಯ ಮೇಲೆ, ಮೂರು ಅಡಿ ವೈರಿಗೆ ಎಟುಕದಷ್ಟು ಎತ್ತರದಲ್ಲಿ. ಮೊದಲು ಯಾರ ಫೋನು ಎಂಬ ಪ್ರಶ್ನೆಗೆ ಅವಿಭಕ್ತ ಕುಟುಂಬಗಳಲ್ಲಿ ಇಂದಿಗೂ ಸರ್ವಸಮ್ಮತ ಉತ್ತರ ಸಿಕ್ಕಿಲ್ಲ.

ಊರಿಗೆ ಮರಳಿದ ಮೇಲೆ ಉಳಿಯುವುದು ಹಂಚುವ ಕೆಲಸ. ಚಿತ್ರಗಳನ್ನು ಆರಿಸಿ, ಕೆಟ್ಟವನ್ನು ಅಳಿಸಬೇಕೆಂಬ ನಿರ್ಧಾರ ರೈಲಿನಲ್ಲೇ ಆಗಿರುತ್ತದೆ, ಮುಂದಿನ ಪ್ರವಾಸದಲ್ಲಿ ‘ಸ್ಟೋರೇಜ್ ಫುಲ್’ ಬರುವವರೆಗೆ ಅದು ನಿರ್ಧಾರವಾಗಿಯೇ ಇರುತ್ತದೆ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದ ಗಾತ್ರದಲ್ಲೇ ತಲುಪುತ್ತದೆ. ಹಾಗೆ ತಲುಪಿದ್ದನ್ನು ಅತ್ತೆ, ಚಿಕ್ಕಪ್ಪ, ಷಡ್ಡಕರೆಲ್ಲ ತೆರೆಯದೆಯೇ ಹೆಬ್ಬೆರಳು ಒತ್ತಿ ಮೆಚ್ಚುತ್ತಾರೆ.